ಒಣಗದ ಬೋಗಿಗಳು

೧

ಎಲ್ಲಿಂದ ಶುರುಮಾಡುವುದು? ರೈಲಿನಿಂದ ಶುರುಮಾಡಿದರೆ ಇತಿಹಾಸ ಅನ್ನುತ್ತೀರಿ. ಹೆಂಗಸಿನಿಂದ ಶುರುಮಾಡಿದರೆ ಈಗಲೇ ಕರವಸ್ತ್ರ ಹುಡುಕುತ್ತೀರಿ. ಮೊದಲ ಡ್ರಾಫ್ಟಿನಲ್ಲಿ ನೇತ್ರಾವತಿ ಸೇತುವೆಯ ಮೇಲೆ ಒಂದು ಸೂರ್ಯಾಸ್ತ ಇಟ್ಟಿದ್ದೆ. ಮರುದಿನ ಓದಿ ನನಗೇ ನಾಚಿಕೆಯಾಯಿತು. ಸೂರ್ಯನನ್ನು ಹೊಡೆದು ಹಾಕಿದೆ. ಸೇತುವೆ ಬೇಕಾದರೆ ಇರಲಿ, ಗಟ್ಟಿಯಾಗಿದೆ.

ಬಣ್ಣದಿಂದ ಶುರುಮಾಡೋಣ. ಆದರೆ ಯಾವ ಬಣ್ಣ ಎಂದು ಮಾತ್ರ ಕೇಳಬೇಡಿ.

೨

1938ರ ಡಿಸೆಂಬರ್, ಮಂಗಳೂರಿನ ಜೆಪ್ಪು. ಹಂಚಿನ ಕಾರ್ಖಾನೆಯಲ್ಲಿ ಮಣ್ಣು ಹೊರುವ ಅಕ್ಕುವಿನ ಮನೆಯ ಜಗಲಿಯಲ್ಲಿ ಒಬ್ಬ ಗಂಡಸು ಕುಳಿತಿದ್ದಾನೆ. ಗೇಣುದ್ದದ ಮೂರು ತಗಡಿನ ರೈಲುಬೋಗಿಗಳ ಹಳೆಯ ಬಣ್ಣವನ್ನು ಕೆರೆದು ತೆಗೆಯುತ್ತಿದ್ದಾನೆ.

ಬೋಗಿಗಳು ಪಕ್ಕದ ಮನೆಯ ಅಪೊಲೋನಿಯಾ ಬಾಯಿಯವು. ಕ್ರಿಸ್ಮಸ್ಸಿಗೆ ಅವರು ಗೋದಲಿ ಕಟ್ಟುವಾಗ ಹುಲ್ಲಿನ ಮೇಲೆ ಮಲಗಿದ ಬಾಲಯೇಸುವಿನ ಸುತ್ತ ಕುರಿ, ಒಂಟೆ, ಮೂವರು ರಾಜರು, ಜೊತೆಗೆ ಈ ಆಟದ ರೈಲು. (ಬೆತ್ಲೆಹೇಮಿಗೆ ರೈಲು ಹೇಗೆ ಬಂತು ಎನ್ನಬೇಡಿ. ಮಂಗಳೂರಿಗೇ ಬಂತಂತೆ, ಬೆತ್ಲೆಹೇಮಿಗೆ ಏನು ಧಾಡಿ.) ಬೋಗಿಗಳ ಮೇಲಿದ್ದದ್ದು ಯಾವುದೋ ಬಿಳಿಯರ ಊರಿನ ಬಣ್ಣ. ಅದೂ ತುಕ್ಕು ಹಿಡಿದಿತ್ತು.

"ನಮ್ಮ ಊರಿಗೆ ಮೊದಲು ಬಂದ ರೈಲಿಗೆ ಯಾವ ಬಣ್ಣ ಇತ್ತೋ ಅದನ್ನೇ ಹಾಕಿ ಕೊಡು. ಬಾಲಯೇಸು ಒಂದು ಸಲ ನಮ್ಮ ರೈಲು ನೋಡ್ಲಿ" ಎಂದರು ಬಾಯಿ.

ಗಂಡಸಿನ ಹೆಸರು? ಅದೇ ಕಥೆ. ಅದೇ ವರ್ಷ, ಮಳೆ ಇಳಿಯುವ ಸೋಣ ತಿಂಗಳಲ್ಲಿ ಒಂದು ಬೆಳಿಗ್ಗೆ ಬಂದು "ನಾನು ಗುರುವಪ್ಪ" ಎಂದ. ಗುರುವಪ್ಪ ಅಕ್ಕುವಿನ ಗಂಡ. ರೈಲು ಊರಿಗೆ ಬಂದ ಹೊಸತರಲ್ಲಿ, ಬೋಗಿಗಳಿಗೆ ಬಣ್ಣ ಬಳಿಯುವ ಕೆಲಸ ಸಿಕ್ಕಿತು ಎಂದು ಅದೇ ರೈಲು ಹತ್ತಿ ಘಟ್ಟದಾಚೆ ಹೋದವನು. ಆಮೇಲೆ ಸುದ್ದಿಯೇ ಇಲ್ಲ. ಮೂವತ್ತು ವರ್ಷ. ಈಗ ಬಂದವನ ಮುಖದ ಅರ್ಧವನ್ನು ಸಿಡುಬು ತಿಂದಿದೆ, ಉಳಿದರ್ಧವನ್ನು ಬಿಸಿಲು.

ಅಕ್ಕು ಅಳಲಿಲ್ಲ. (ಎರಡನೆಯ ಡ್ರಾಫ್ಟಿನಲ್ಲಿ ಅತ್ತಳು ಎಂದು ಬರೆದಿದ್ದೆ. ಅವಳು ಕಣ್ಣೊರೆಸಿಕೊಂಡು ನನ್ನನ್ನೇ ಗದರಿದಳು.) ಜಗಲಿಯಲ್ಲಿ ಚಾಪೆ ಹಾಕಿ ಕೊಟ್ಟಳು. ಬಾಯಿಯ ಬೋಗಿಗಳು ಬಂದ ದಿನ ಮಾತ್ರ ಒಂದು ಮಾತು ಹೇಳಿದಳು:

"ಅವತ್ತು ನಾನು ಬೋಗಿಯ ಕಿಟಕಿ ಹಿಡಿದು ನಿಂತದ್ದು. ಆ ಬಣ್ಣ ನನಗೆ ಗೊತ್ತುಂಟು. ಅದರ ಒಳಗೆ ಕೂತವ ನೀವಾದ್ರೆ ನಿಮಗೂ ಗೊತ್ತಿರ್ಬೇಕು. ಹಾಕಿ, ನೋಡುವ."

೩

ಇಲ್ಲಿ ಪ್ಲಾಟ್ ಕುಂಟುತ್ತದೆ. ಸುಳ್ಳು ಗಂಡನ ಕಥೆಗೆ ಒಂದಿಷ್ಟು ಆಸ್ತಿ ಬೇಕು. ಆದರೆ ಇವರದು ಅಳಿಯಸಂತಾನದ ಮನೆ. ತಾಯಿಯಿಂದ ಮಗಳಿಗೆ ಬಂದದ್ದು. ಗಂಡನಾದವನಿಗೆ ಅದರ ಒಂದು ಹಂಚೂ ದಕ್ಕುವುದಿಲ್ಲ. ಅಕ್ಕುವಿನ ಅಣ್ಣ ಮಾಯಿಲಪ್ಪನನ್ನು ಕೇಳಿದೆ.

"ನಮ್ಮಲ್ಲಿ ಸುಳ್ಳು ಗಂಡ ಆಗಿ ಯಾರಿಗೆ ಎಂತ ಸಿಗ್ತದೆ ಮಾರಾಯ್ರೆ? ಗಂಜಿ ಮತ್ತೆ ಬೈಗುಳ. ಅದಕ್ಕೆ ನಿಜವಾದ ಗಂಡನೇ ಸಾಕಲ್ಲ."

"ನಿಮ್ಮ ಭಾವ ಅಲ್ಲವೇ? ಗುರುತು ಸಿಗಲಿಲ್ಲವೇ?"

"ಅವ ಇದ್ದದ್ದು ಎರಡು ಮಳೆಗಾಲ. ಮನೆಯಲ್ಲಿ ಕೂತವನಲ್ಲ, ನಾನು ಹೆಚ್ಚು ನೋಡಿದ್ದು ಅವನ ಬೆನ್ನು. ಈಗ ಬೆನ್ನು ಬಗ್ಗಿದೆ. ಎಂತ ಗುರುತು ಹೇಳುವುದು?"

"ರೈಲಿನ ಬಣ್ಣ?"

"ಕಾವಿಯ ಹಾಗೆ ಕೆಂಪು. ನಾನೇ ನೋಡಿದ್ದೇನೆ."

ಬೇಲಿಯ ಆಚೆಯಿಂದ ಬಾಯಿ ಕೂಗಿದರು: "ಕೆಂಪಾ? ನಿಮ್ಮ ಮಂಡೆ! ಬಸಳೆ ಎಲೆಯ ಹಸಿರು."

ಊರಿನ ಮುದುಕರನ್ನೆಲ್ಲ ಕೇಳುತ್ತ ಹೋದೆ. ಎಷ್ಟು ಜನರೋ ಅಷ್ಟು ರೈಲು. ಪೆನ್ಸಿಲ್ ಹಿಡಿದು ಓದುತ್ತಿರುವ ಸಂಶೋಧಕರೇ, ದಯವಿಟ್ಟು ಅದನ್ನು ಕಿವಿಗೆ ಸಿಕ್ಕಿಸಿಕೊಳ್ಳಿ. ಇಲ್ಲಿ ನಿಮಗೇನೂ ಸಿಗುವುದಿಲ್ಲ.

೫

(ನಾಲ್ಕನ್ನು ತೆಗೆದು ಹಾಕಿದ್ದೇನೆ. ಅದರಲ್ಲಿ ಫ್ಲ್ಯಾಶ್‌ಬ್ಯಾಕ್ ಇತ್ತು, ಇಂಜಿನ್ ಸಿಳ್ಳೆ ಹಾಕುತ್ತಿತ್ತು.)

ಅಕ್ಕು ಕಾರ್ಖಾನೆಯಿಂದ ಬಂದು ಕಾಲು ತೊಳೆಯುತ್ತಿದ್ದಳು. ನಾನು ಕಾಗದ ಹಿಡಿದು ನಿಂತದ್ದು ನೋಡಿ ರೇಗಿದಳು.

"ನಾವು ತುಳು ಮಾತಾಡುವವರು. ನೀವು ನಮ್ಮ ಬಾಯಲ್ಲಿ ಎಂತಕ್ಕೆ ಕನ್ನಡ ಮಾತಾಡಿಸುವುದು?"

"ಓದುವವರಿಗೆ ತಿಳಿಯಲಿ ಅಂತ."

"ಅವರಿಗೆ ತಿಳಿದು ನನಗೆ ಎಂತ ಆಗ್ಬೇಕು?"

ಸಮಾಧಾನ ಮಾಡಲು ನಾನು ಬರೆದಿಟ್ಟ ಎಂಡಿಂಗ್ ಓದಿದೆ. ಬಣ್ಣ ಸರಿಯಾಗಿ ಬರುತ್ತದೆ, ಅಕ್ಕು ಬಾಗಿಲಲ್ಲಿ ನಿಂತು "ಒಳಗೆ ಬನ್ನಿ" ಎನ್ನುತ್ತಾಳೆ, ದೂರದಲ್ಲಿ ಇಗರ್ಜಿಯ ಗಂಟೆ. ಅವಳು ಚೊಂಬು ಕೆಳಗಿಟ್ಟು ನಕ್ಕಳು.

"ಬಣ್ಣ ಸರಿ ಬಂದ್ರೆ ಅವರನ್ನು ಹೊರಗೆ ಹಾಕ್ತೇನೆ."

ನನ್ನ ಪೆನ್ನು ನಿಂತಿತು.

"ಎಂತ ನೋಡ್ತೀರಿ? ಅಂದು ಹೋದವನಿಗೆ ನಾನು ಉಂಟು ಅಂತಲೇ ನೆನಪಿರಲಿಲ್ಲ. ಈಗ ಬಂದವರು ಬಾವಿಯಿಂದ ನೀರು ಸೇದಿ ಇಡ್ತಾರೆ. ಮೀನು ಕೊಯ್ದು ಕೊಡ್ತಾರೆ. ನಾನು ಕಾರ್ಖಾನೆಯ ಜಗಳ ಹೇಳಿದ್ರೆ ಕೂತು ಕೇಳ್ತಾರೆ, ಮತ್ತೆ ಎಂತ ಆಯ್ತು ಅಂತ ಮರುದಿನ ವಿಚಾರಿಸ್ತಾರೆ. ಇವರು ಬೇರೆ ಯಾರೋ ಆದ್ರೆ ನನಗೆ ಕೇಳ್ಲಿಕ್ಕೆ ಎಂತದ್ದೂ ಇಲ್ಲ, ಇರ್ಲಿ. ಅವನೇ ಆದ್ರೆ ಮೂವತ್ತು ವರ್ಷದ್ದು ಕೇಳ್ಬೇಕು. ಕೇಳಿದ ಮೇಲೆ ಒಂದೇ ಮನೆಯಲ್ಲಿ ಗಂಜಿ ಇಳೀತದಾ?"

"ಹಾಗಾದರೆ ಪರೀಕ್ಷೆ ಯಾಕೆ ಇಟ್ಟದ್ದು?"

"ಇಡದೆ ನಿದ್ರೆ ಬರ್ಬೇಕಲ್ಲ" ಎಂದಳು.

೬

ಪಾತ್ರಗಳ ಗುಟ್ಟನ್ನು ಪಾತ್ರಗಳಿಗೆ ಚಾಡಿ ಹೇಳಬಾರದು. ಇದು ನಮ್ಮ ಕಸುಬಿನ ಮರ್ಯಾದೆ. ನಾನು ಹೋಗಿ ಹೇಳಿದೆ.

ಅವನು ಕೆರೆಯುವುದನ್ನು ನಿಲ್ಲಿಸಿದ. "ಹಾಗಾದ್ರೆ ತಪ್ಪು ಬಣ್ಣ ಹಾಕ್ಬೇಕಾ?"

"ಹಾಕಿಬಿಡಿ."

"ತಪ್ಪು ಹಾಕ್ಲಿಕ್ಕೆ ಸರಿ ಯಾವುದು ಅಂತ ಗೊತ್ತಿರ್ಬೇಕಲ್ಲ?"

"ನಿಮಗೆ ಗೊತ್ತಿದೆಯೇ?"

ಅವನು ಹಲ್ಲಿಲ್ಲದ ಬಾಯಿ ತೆರೆದು ನಕ್ಕ. "ನಾನು ತಪ್ಪು ಅಂತ ಹಾಕಿದ್ದು ತಪ್ಪಿ ಸರಿಯಾದ್ರೆ ಎಂತ ಮಾಡುವುದು? ನೀವು ಕೂತ್ಕೊಳ್ಳಿ, ಮಂಡೆ ಬಿಸಿ ಮಾಡ್ಬೇಡಿ."

ಮಂಡೆ ಬಿಸಿಯಾದದ್ದು ನನಗೆ. ಎದ್ದು ನಿಂತೆ, ಕುಳಿತೆ, ಅಂಗಳದಲ್ಲಿ ಅತ್ತಿಂದಿತ್ತ ನಡೆದೆ. ಅಷ್ಟರಲ್ಲಿ ಅವನು ಡಬ್ಬಿಯ ಬಣ್ಣಕ್ಕೆ ಬೇಗ ಒಣಗಲೆಂದು ಅಗಸೆ ಎಣ್ಣೆ ಬೆರೆಸಿ ಮೊದಲ ಬೋಗಿಗೆ ಕುಂಚ ಎಳೆದಿದ್ದ. ಮಧ್ಯಾಹ್ನದೊಳಗೆ ಮೂರೂ ಮುಗಿದವು. ಡಬ್ಬಿ ಮುಚ್ಚಿ ಸ್ನಾನಕ್ಕೆ ಹೋದ.

ಅಕ್ಕು ಬಂದಳು. ಬೋಗಿಗಳ ಎದುರು ಬಹಳ ಹೊತ್ತು ಕುಕ್ಕರುಗಾಲಲ್ಲಿ ಕುಳಿತಳು. ಮುಖ ಓದಲು ನೋಡಿದೆ. ಹಂಚಿನ ಧೂಳು ಬಿಟ್ಟರೆ ಏನೂ ಕಾಣಲಿಲ್ಲ.

"ಹಸಿ ಬಣ್ಣ ಬೇರೆ, ಒಣಗಿದ ಬಣ್ಣ ಬೇರೆ. ಈಗ ಹೇಳ್ಲಿಕ್ಕಾಗುದಿಲ್ಲ. ಇನ್ನೊಂದು ಕೈ ಹಾಕ್ಲಿ. ಒಣಗಿದ ಮೇಲೆ ಹೇಳ್ತೇನೆ" ಎಂದಳು.

ಮರುದಿನ ಅವನು ಅದೇ ಡಬ್ಬಿಯಿಂದ ಇನ್ನೊಂದು ಕೈ ಹಾಕಿದ.

೭

ಒಣಗಲಿಲ್ಲ.

ಆಟಿ ತಿಂಗಳಾಗಿದ್ದರೆ ಮಳೆಯ ಮೇಲೆ ಹಾಕಬಹುದಿತ್ತು. ಇದು ಡಿಸೆಂಬರ್. ಅದೇ ಬಿಸಿಲಿಗೆ ಅಂಗಳದಲ್ಲಿ ಹರವಿದ ಬಂಗುಡೆ ಮೀನು ಸೌದೆಯ ಹಾಗೆ ಒಣಗಿತು. ಬೋಗಿಗಳು ಮಾತ್ರ ಈಗಷ್ಟೇ ಮಿಂದು ಬಂದ ಹಾಗೆ ಹೊಳೆಯುತ್ತಿದ್ದವು. ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮೊದಲು ಅಕ್ಕು ಒಂದು ಬೆರಳು ಮುಟ್ಟಿಸಿ ನೋಡುವಳು. "ಇನ್ನೂ ಹಸಿ" ಎಂದು ಹೋಗುವಳು. ಅವನು ನೀರು ಸೇದುವನು. ನಾನು ಪುಟ ತಿರುವುವೆನು, ಮುಂದಿನ ಪುಟ ಖಾಲಿ.

ಬಾಯಿಗೆ ತಾಳ್ಮೆ ತಪ್ಪಿತು. "ಗೋದಲಿ ಕಟ್ಟಿ ಆಯ್ತು, ರೈಲೆಲ್ಲಿ?" ಎಂದು ಬೇಲಿ ದಾಟಿ ಬಂದು ಒಂದು ಬೋಗಿ ಒತ್ತಿ, ಬೆರಳನ್ನು ಮೂಗಿಗೆ ಹಿಡಿದರು. "ಇದೆಂತ! ತೆಂಗಿನೆಣ್ಣೆ! ಇದು ಲೋಕ ಮುಗಿಯುವವರೆಗೆ ಒಣಗ್ಲಿಕ್ಕಿಲ್ಲ."

ಮಾಯಿಲಪ್ಪ ತೊಡೆ ತಟ್ಟಿದ. "ಸಿಕ್ಕಿದ! ಬೋಗಿಗೆ ಬಣ್ಣ ಹಾಕಿ ಬದುಕಿದವ ಬಣ್ಣಕ್ಕೆ ತೆಂಗಿನೆಣ್ಣೆ ಹಾಕ್ತಾನಾ? ಇವ ಗುರುವಪ್ಪ ಅಲ್ಲ!"

"ನಾನು ಹಾಕಿದ್ದು ಅಗಸೆ ಎಣ್ಣೆ. ಕುಪ್ಪಿ ಇಲ್ಲೇ ಉಂಟು, ಮೂಸಿ ನೋಡಿ ಭಾವ" ಎಂದನು ಗಂಡಸು.

ಮೂಸಿದರು. ಅಗಸೆಯೇ. ಆಮೇಲೆ ಡಬ್ಬಿ ಮೂಸಿದರು. ತೆಂಗಿನೆಣ್ಣೆ. ನಾನು ಅಕ್ಕುವಿನ ತಲೆ ನೋಡಿದೆ. ದಿನವೂ ಎಣ್ಣೆ ಹಚ್ಚಿ ತುರುಬು ಬಿಗಿಯುವವಳ ಕೂದಲು ಒಣಗಿ ಹಾರಾಡುತ್ತಿತ್ತು. ಅಡುಗೆಮನೆಯ ಗೂಡಿನಲ್ಲಿ ಅವಳ ಎಣ್ಣೆಯ ಕರಟ ಬೋರಲು ಬಿದ್ದಿತ್ತು.

ಅವನೂ ಆ ಕೂದಲನ್ನು ನೋಡಿದ. ನೋಡಿ, ಬಾಯಿಯ ಕಡೆ ತಿರುಗಿ ಮೆಲ್ಲಗೆ ಹೇಳಿದ: "ಅಲ್ಲ ಬಾಯಿ, ನನ್ನದೇ ತಪ್ಪು. ಕುಪ್ಪಿ ಅದಲು ಬದಲಾಗಿರ್ಬೇಕು."

೮

ಎಂಡಿಂಗ್ ಎ: ಸೀಮೆಎಣ್ಣೆಯಲ್ಲಿ ಒರೆಸಿ, ಹೊಸ ಡಬ್ಬಿ ತಂದು ಮತ್ತೆ ಬಳಿಯುವುದು, ಎರಡೇ ದಿನದಲ್ಲಿ ತೀರ್ಪು. ಬರೆಯುವಷ್ಟರಲ್ಲಿ ಮನೆಯ ಸೀಮೆಎಣ್ಣೆ ಕಾಣೆಯಾಯಿತು.

ಎಂಡಿಂಗ್ ಬಿ: ನಿಜವಾದ ಗುರುವಪ್ಪ ರೈಲಿನಿಂದ ಇಳಿದು ಬರುವುದು. ಅಕ್ಕು ನನ್ನ ಕಾಗದವನ್ನು ಒಲೆಗೆ ಹಾಕಿದಳು. ಅವತ್ತಿನ ಗಂಜಿ ಚೆನ್ನಾಗಿ ಬೆಂದಿತ್ತು.

ಕ್ರಿಸ್ಮಸ್ಸಿನ ದಿನ ಬೋಗಿಗಳು ಹಸಿಯಾಗಿಯೇ ಗೋದಲಿಗೆ ಹೋದವು. ಹುಲ್ಲು ಅಂಟಿಕೊಂಡಿತು, ಒಂದು ಒಂಟೆಯ ಮೊಣಕಾಲಿಗೆ ಬಣ್ಣ ಹತ್ತಿತು, ಬಾಯಿ ಕೊಂಕಣಿಯಲ್ಲಿ ಬೈದದ್ದನ್ನು ಹಬ್ಬದ ದಿನ ಬರೆಯಬಾರದು. ಮರುದಿನವೇ ಬೋಗಿಗಳನ್ನು ಬೇಲಿಯ ಮೇಲಿಂದ ದಾಟಿಸಿದರು: "ಒಣಗಿದ ಮೇಲೆ ಕೊಡಿ."

ಈಗ ಅವು ಜಗಲಿಯ ಕಟ್ಟೆಯ ಮೇಲೆ ಇವೆ. ಚಾಪೆ ಜಗಲಿಯಲ್ಲಿಲ್ಲ. ಎಲ್ಲಿಗೆ ಹೋಯಿತು ಎಂದು ವಿಚಾರಿಸುವಷ್ಟು ನಾನು ಕೆಟ್ಟ ಲೇಖಕನಲ್ಲ.

"ನನಗಾದರೂ ಹೇಳು ಅಕ್ಕು. ಆ ಬಣ್ಣವೇ ಹೌದೋ ಅಲ್ಲವೋ? ಓದುವವರು ಕಾಯುತ್ತಿದ್ದಾರೆ."

"ಒಣಗ್ಲಿ, ಹೇಳ್ತೇನೆ."

"ಒಣಗುವುದಿಲ್ಲವಲ್ಲ!"

"ಮತ್ತೆ ನಿಮಗೆ ಎಂತ ಗಡಿಬಿಡಿ? ಗಂಜಿ ಉಂಟು, ಕುಡಿದು ಹೋಗಿ."

ಕೆಲಸಕ್ಕೆ ಹೊರಡುವ ಮೊದಲು ಅಕ್ಕು ಎಂದಿನಂತೆ ಬೋಗಿಗೆ ಬೆರಳು ಮುಟ್ಟಿಸಿದಳು. ಅಂಗಳದ ಹಗ್ಗದಲ್ಲಿ ಅವನ ಮುಂಡು ಒಣಗುತ್ತಿತ್ತು. ಬೆರಳನ್ನು ಅದರ ಅಂಚಿಗೆ ಒರೆಸಿದಳು. ಅಲ್ಲಿ ಹಿಂದಿನ ಬೆಳಗುಗಳ ಗುರುತುಗಳು ಸಾಲಾಗಿದ್ದವು. ನಾನು ಓಡಿ ಹಗ್ಗದ ಹತ್ತಿರ ಹೋಗುವಷ್ಟರಲ್ಲಿ ಅವನು ಬಂದು ಮುಂಡು ಎಳೆದುಕೊಂಡ. ಅಂಚು ಒಳಗೆ ಬರುವ ಹಾಗೆ ಮಡಚಿ ಉಟ್ಟು, ಕೊಡಪಾನ ಎತ್ತಿಕೊಂಡು ಬಾವಿಯ ಕಡೆಗೆ ಹೊರಟ.