ಕುತ್ತಿಗೆಯ ಹಿಂದಿನ ಗಂಟು

ಬಾಚಣಿಕೆ ಕುತ್ತಿಗೆಯ ಹಿಂದೆ ಬಂದು ನಿಂತುಬಿಟ್ಟಿತು. ದ್ರೌಪದಿ ಮತ್ತೊಮ್ಮೆ ಎಳೆದಳು. ಕಟ್ಟೆಯ ಮೇಲೆ ಕೂತಿದ್ದ ಮಗಳ ತಲೆ ಹಿಂದಕ್ಕೆ ಬಾಗಿತೇ ಹೊರತು ಕೂದಲು ಬಿಡಲಿಲ್ಲ. ದ್ರೌಪದಿ ಅದನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಬಾಚಣಿಕೆ ಕೆಳಗಿಟ್ಟು ಕೈ ಮುಗಿದಳು.

"ಅವ್ವಾ ತಾಯಿ, ನಮ್ಮ ಮನೀಗೆ ಬಂದೇನ?"

ಸುಂದರಾ ಈ ಮಾತಿಗೇ ಹೆದರುತ್ತ ಊರಿಗೆ ಬಂದಿದ್ದಳು. ಚಿಕ್ಕೋಡಿಯ ಹಾಸ್ಟೆಲಿನಲ್ಲಿ ಟೈಫಾಯ್ಡ್ ಆಗಿ ಮಲಗಿದ್ದಾಗ ತಲೆ ಬಾಚುವವರು ಇರಲಿಲ್ಲ. ಎದ್ದು ಕೂತಾಗ ಸೊಂಟದುದ್ದದ ಹಿಂಗೂದಲೆಲ್ಲ ಹಗ್ಗದಂತೆ ಹೊಸೆದುಕೊಂಡಿತ್ತು. ಎಣ್ಣೆ ಹಚ್ಚಿ, ಸೂಜಿಯಿಂದ ಎಳೆ ಬಿಡಿಸಿ, ಸೋತು, ಕೊನೆಗೆ ಸೆರಗು ಹೊದ್ದು ಬಸ್ಸು ಹತ್ತಿದ್ದಳು.

"ಯವ್ವಾ, ಜಡಿ ಅಲ್ಲ ಅದು. ಜ್ವರದಾಗ ಬಾಚಿಲ್ಲ, ಗಂಟಾಗೇತಿ."

"ಬಾಯಿ ಮುಚ್ಚ. ಅಕೀಗೆ ಕೇಳಸ್ತೈತಿ."

ಕೂದಲು ತಾನಾಗಿ ಗಂಟುಗಟ್ಟಿ ಜಡೆ ಬಂತೆಂದರೆ ದೇವಿ ಕರೆದಳೆಂದು ಲೆಕ್ಕ. ಅದಕ್ಕೆ ಬಾಚಣಿಕೆ, ಕತ್ತರಿ ತಾಗುವಂತಿಲ್ಲ. ಜಡೆಯವಳಿಗೆ ಮದುವೆಯಿಲ್ಲ, ಮಂಗಳವಾರ, ಶುಕ್ರವಾರ ದೇವಿಯ ಹೆಸರಿನಲ್ಲಿ ಐದು ಮನೆ ಜೋಗ ಬೇಡಬೇಕು. ಬಿ.ಎ. ಎರಡನೆಯ ವರ್ಷದ ಪರೀಕ್ಷೆಯ ಮಾತನ್ನು ಆ ದಿನ ಮನೆಯಲ್ಲಿ ಯಾರೂ ಎತ್ತಲಿಲ್ಲ.

ಸಕ್ಕರೆ ಕಾರ್ಖಾನೆಯ ವಾಚಮನ್ ಆಗಿದ್ದ ತಂದೆ ಲಗಮಪ್ಪ ಪಾಳಿ ಮುಗಿಸಿ ಬಂದು, ಸುದ್ದಿ ಕೇಳಿ, ಟೋಪಿ ಗೂಟಕ್ಕೆ ಹಾಕಿದ.

"ಈಗ ಕಾಯ್ದೆ ಬಂದೇತಿ. ಮುತ್ತು ಕಟ್ಟಿ ದೇವ್ರಿಗೆ ಬಿಟ್ರ ಜೇಲಿಗೆ ಹಾಕ್ತಾರ."

"ಮುತ್ತು ಯಾರ ಕಟ್ಟತೇವಂದ್ರು? ಜಡಿ ಇಟಗೊಂಡು ಮನ್ಯಾಗ ಇರ್ತಾಳ."

"ನಿಮ್ಮವ್ವ ಅಂದಂಗ ಮಾಡವಾ," ಎಂದು ಮಗಳಿಗೆ ಹೇಳಿ ಅವನು ರೇಡಿಯೊದ ಕಿವಿ ತಿರುವಿದ.

ಮರುದಿನ ಓಣಿಯ ಹೆಂಗಸರು ಭಂಡಾರ ತಂದರು. ಅರಿಸಿನದ ಪುಡಿಯನ್ನು ಗಂಟಿಗೆ ಹಚ್ಚಿ, ಬಾಗಿ, ಸುಂದರಾಳ ಪಾದ ಮುಟ್ಟಿದರು. ಚಿಕ್ಕಂದಿನಲ್ಲಿ ಅವಳ ಬೆನ್ನಿಗೆ ಗುದ್ದಿದ್ದವರೂ "ಯವ್ವಾ, ನಮ್ಮ ಮ್ಯಾಲ ಕಣ್ಣಿರಲಿ" ಎಂದರು. ಕಾಲೇಜಿನಲ್ಲಿ ಹಾಜರಿ ಕೂಗಿದಾಗ ಅವಳ "ಎಸ್ ಸಾರ್" ಎರಡನೆಯ ಸಾಲಿಗೂ ಕೇಳುತ್ತಿರಲಿಲ್ಲ. ಇಲ್ಲಿ ಅವಳು ಕೆಮ್ಮಿದರೂ ಮಾತು ನಿಲ್ಲುತ್ತಿತ್ತು. ಮೂರನೆಯ ಹೆಂಗಸು ಬಾಗಿದಾಗ ಸುಂದರಾ ಕಾಲು ಹಿಂದೆಳೆದುಕೊಳ್ಳಲಿಲ್ಲ. ಅದನ್ನು ಗಮನಿಸಿದ ಮೇಲೆಯೇ ಅವಳಿಗೆ ನಿಜವಾಗಿ ಭಯವಾಯಿತು.

ಸಂಜೆ ಸೋದರತ್ತೆ ಶೇವಂತಾ ಬಂದಳು. ಅವಳದೂ ದೇವಿಯ ಜಡೆ, ಸೊಂಟದವರೆಗಿತ್ತು. ಅದನ್ನು ಮಡಿಲಿಗೆ ಎತ್ತಿಟ್ಟುಕೊಂಡೇ ಕೂತಳು.

"ಏನಬೇ, ನನ್ನ ಕೆಲಸಾ ಕಸಗೊಳ್ಳಾಕ ಬಂದೇನ?" ಎಂದು ನಕ್ಕಳು. ಯಾರಾದರೂ ನಗುತ್ತಾರೆಂದು ಸುಂದರಾ ಎಣಿಸಿರಲಿಲ್ಲ.

"ಭಾರ ಆಗ್ತೈತೇನ ಅತ್ತಿ?"

"ಮಳಿಗಾಲದಾಗ ನೋಡ ಅದರ ಗಮ್ಮತ್ತ. ವಾರಗಟ್ಟಲೆ ಒಣಗೂದಿಲ್ಲ. ಮಗ್ಗಲಾಗಬೇಕಂದ್ರ ಮದಲ ಅದನ್ನ ಮಗ್ಗಲ ಮಾಡಬೇಕ, ಆಮ್ಯಾಲ ನಾವು." ಶೇವಂತಾ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡಳು. "ನಂಗ ಬಂದಾಗ ಸಣ್ಣಾಕಿ ಇದ್ನಿ. ಎಲ್ಲಾರೂ ಕಾಲಿಗೆ ಬಿದ್ರು. ಭಾಳ ಚೊಲೋ ಅನಸ್ತು. ಒಂದ ವಾರ."

"ಕತ್ತರಸಲೇನ?"

"ನನ್ನ ಕೇಳಬ್ಯಾಡ. ಕತ್ತರಸಂದ್ರ, ನಾಳೆ ಹೊಟ್ಟಿ ನೋವ ಬಂದ್ರೂ ಅತ್ತಿ ಹೇಳಿದ್ಲು ಅಂತಿ. ಬ್ಯಾಡಂದ್ರ, ಸಾಯೂತನಕ ಅದನ್ನಽ ಅಂತಿ."

ರವಿವಾರ ಮಧ್ಯಾಹ್ನ ದ್ರೌಪದಿ ಕಟ್ಟೆಯ ಮೇಲೆ ಕೌದಿ ಹೊಲಿಯುತ್ತಿದ್ದಳು. ಅರಿವೆ ಕತ್ತರಿಸುವ ಕತ್ತರಿ ಹಳೆಯ ಸೀರೆಯ ತುಂಡುಗಳ ನಡುವೆ ಬಿದ್ದಿತ್ತು. ಒಳಗೆ ಒಯ್ದು ಬಾಗಿಲು ಹಾಕಿಕೊಳ್ಳಬಹುದಿತ್ತು. ಸುಂದರಾ ಅದನ್ನು ಎತ್ತಿಕೊಂಡು ತಾಯಿಯ ಎದುರಿಗೇ ಕೂತಳು.

"ಯವ್ವಾ, ನಾ ಕತ್ತರಸಾಕತ್ತೇನಿ."

ದ್ರೌಪದಿಯ ಸೂಜಿ ನಿಂತಿತು. ಅವಳು ಮಗಳ ಕೈ ಹಿಡಿಯಲು ಮುಂದೆ ಬಾಗಿದಳು, ಹಿಡಿಯಲಿಲ್ಲ. ಗಂಟಿನೊಳಗೆ ಕತ್ತರಿ ಹೋಗಲಿಲ್ಲ. ಸುಂದರಾ ಅದನ್ನು ಮೇಲಕ್ಕೆ, ಕುತ್ತಿಗೆಯ ಹತ್ತಿರಕ್ಕೆ ಸರಿಸಿದಳು. ಅಲ್ಲಿ ಕತ್ತರಿಸಿದರೆ ಬೆನ್ನ ಮೇಲೆ ಏನೂ ಉಳಿಯುತ್ತಿರಲಿಲ್ಲ.

"ಅವ್ವಾ ತಾಯಿ," ದ್ರೌಪದಿ ಕಣ್ಣು ಮುಚ್ಚಿದಳು, "ಹುಡಿಗಿದೇನರ ತಪ್ಪಿದ್ರ ನನ್ನ ಮ್ಯಾಲ ಹಾಕ."

"ಬ್ಯಾಡ. ನನ್ನ ಮ್ಯಾಲಽ ಇರಲಿ."

ಕತ್ತರಿ ಮೊಂಡಾಗಿತ್ತು. ಸಾಕಷ್ಟು ಹೊತ್ತು ಹಿಡಿಯಿತು.

ಬಿದ್ದದ್ದನ್ನು ದ್ರೌಪದಿ ಹೊಸ ಖಣದಲ್ಲಿ ಸುತ್ತಿ ದೇವರ ಜಗಲಿಯ ಮೇಲಿಟ್ಟಳು. ಮಗಳಿಗೆ ಬೆನ್ನು ಹಾಕಿ ಮತ್ತೆ ಕೌದಿ ಹಿಡಿದಳು. ಭಂಡಾರ ತಂದಿದ್ದವರು ಬಾಗಿಲವರೆಗೆ ಬಂದು, ನೋಡಿ, ಹಾಗೇ ತಿರುಗಿ ಹೋದರು. ಅವರಲ್ಲೊಬ್ಬಳು, "ಮುಂದ ಏನರ ಆದ್ರ ನೋಡ್ಕೋ" ಎಂದಳು. ಸುಂದರಾ "ಹೌದ್ರಿ" ಎಂದಳು. ದನಿ ಓಣಿಯ ಆಚೆಗೂ ಕೇಳಿಸಿತು.

ಸೋಮವಾರ ಬೆಳಿಗ್ಗೆ ಅವಳು ಬಸ್ಸಿಗೆ ಹೊರಟು ನಿಂತಾಗ ಒಳಗಿನಿಂದ ತಾಯಿಯ ದನಿ ಬಂತು.

"ಹಂಗಽ ಹೊಂಟೇನ, ತಲಿ ಕೆದರಗೊಂಡ?"

ಸುಂದರಾ ಚೀಲ ಕೆಳಗಿಟ್ಟು ಕಟ್ಟೆಯ ಮೇಲೆ ಕೂತಳು. ದ್ರೌಪದಿ ಹಿಂದೆ ಕೂತು, ಅಂಗೈಗೆ ಎಣ್ಣೆ ಹಾಕಿಕೊಂಡು, ನೆತ್ತಿಯಿಂದ ಬಾಚಣಿಕೆ ಎಳೆದಳು. ಅದು ಎಲ್ಲಿಯೂ ಸಿಕ್ಕಿಕೊಳ್ಳಲಿಲ್ಲ. ಕುತ್ತಿಗೆಯ ಬಳಿ ಕೂದಲು ಮುಗಿದ ಮೇಲೂ ಕೈ ನಿಲ್ಲದೆ, ಬರಿ ಗಾಳಿಯಲ್ಲಿ ಸೊಂಟದವರೆಗೆ ಇಳಿಯಿತು.