ಹುಂಪೊಲೆತ್ಸ್ ಕಡೆಯ ಅಣಬೆ

ಮೂರನೆಯ ಸಲವೂ ಎಡಗಾಲು ಬೂಟಿನೊಳಗೆ ಇಳಿಯಲಿಲ್ಲ. ರಾದಿಮ್ ಲೇಸನ್ನು ಪೂರ್ತಿ ಸಡಿಲಿಸಿ, ಹಲ್ಲು ಕಚ್ಚಿ ಹಿಮ್ಮಡಿ ಒತ್ತಿದ. ಕಣ್ಣಲ್ಲಿ ನೀರು ಬಂತೇ ಹೊರತು ಕಾಲು ಒಳಗೆ ಹೋಗಲಿಲ್ಲ. ಶುಕ್ರವಾರದ ಅಭ್ಯಾಸಕ್ಕೆ ತಂಡದ ಉಳಿದವರು ಬರಲು ಇನ್ನೂ ಅರ್ಧ ಗಂಟೆಯಿತ್ತು. ಅದಕ್ಕೆಂದೇ ಅವನು ಬೇಗ ಬಂದಿದ್ದ.

"ಒಂದು ಸೈಜು ದೊಡ್ಡ ಕಾಲುಚೀಲ ಕೇಳಿದಾಗಲೇ ಅಂದ್ಕೊಂಡೆ."

ಒಗೆದ ಜೆರ್ಸಿಗಳ ಬುಟ್ಟಿಯನ್ನು ಸೊಂಟಕ್ಕೆ ಆನಿಸಿಕೊಂಡು ಯಾರ್ಮಿಲಾ ಬಾಗಿಲಲ್ಲಿ ನಿಂತಿದ್ದರು. ಮೂವತ್ತು ವರ್ಷಗಳಿಂದ ಈ ಫುಟ್‌ಬಾಲ್ ಕ್ಲಬ್ಬಿನ ಬಟ್ಟೆ ಒಗೆಯುತ್ತಿದ್ದವರು ಅವರೇ. ಹದಿನೆಂಟರ ರಾದಿಮ್ ಇಲ್ಲಿಗೆ ಆಡಲು ಬಂದಾಗ, ಬೆರಳು ದಾಟಿ ಇಳಿಯುತ್ತಿದ್ದ ಜೆರ್ಸಿಯ ತೋಳನ್ನು ಮಡಿಸಿ ಹೊಲಿದುಕೊಟ್ಟಿದ್ದರು.

"ತೋರ್ಸು."

"ಏನಿಲ್ಲ ಯಾರ್ಮಿಲಮ್ಮ. ಸ್ವಲ್ಪ ಊದಿದೆ, ಅಷ್ಟೆ."

"ಸ್ವಲ್ಪಾನಾ? ಇದೇನು ಕಾಲೋ ಕುಂಬಳಕಾಯೋ?"

ಅವನಿಗೆ ಹೇಳದೆ ಗತಿಯಿರಲಿಲ್ಲ. ನಿನ್ನೆ ಅಭ್ಯಾಸಕ್ಕೆ ರಜೆ. ಬೆಳಗಿನ ಐದಕ್ಕೇ ಮಾವ ಓಲ್ದ್ರಿಖ್ ಫೋನ್ ಮಾಡಿ, "ಅಣಬೆ ಎದ್ದಿದಾವೆ, ಬಾ" ಎಂದಷ್ಟೇ ಹೇಳಿ ಇಟ್ಟಿದ್ದರು. ಹೊಟ್ಟೆಯಲ್ಲಿ ಹುಟ್ಟಿದ ಮಗನಿಗೂ ತೋರಿಸದ ಜಾಗಕ್ಕೆ ಅಳಿಯನನ್ನು ಕರೆದುಕೊಂಡು ಹೋದರು. ಮರಗಳ ಬುಡದಲ್ಲಿ ಕಂದು ಟೋಪಿಯ, ದಪ್ಪ ಕಾಲಿನ ಅಣಬೆಗಳು ಸಾಲುಸಾಲಾಗಿ ನಿಂತಿದ್ದವು. ಎರಡೂ ಕೈಯಲ್ಲಿ ಬುಟ್ಟಿ ಹಿಡಿದು ಕಾಲುವೆ ದಾಟುವಾಗ ರಾದಿಮ್ ಬೇರಿನ ಮೇಲೆ ಕಾಲಿಟ್ಟು ಜಾರಿದ. ಹದಿನಾರು ವರ್ಷ ಎದುರಾಳಿಗಳು ಒದ್ದರೂ ಸ್ಟ್ರೆಚರ್ ಹತ್ತದವನನ್ನು ಒಂದು ಮರದ ಬೇರು ಉರುಳಿಸಿತ್ತು.

"ಎಷ್ಟು ಸಿಕ್ತು?" ಯಾರ್ಮಿಲಾ ಮೊದಲು ಕೇಳಿದ್ದು ಅದನ್ನೇ.

"ಎರಡು ಬುಟ್ಟಿ."

"ಹುಳ?"

"ಒಂದರಲ್ಲೂ ಇರ್ಲಿಲ್ಲ."

"ಹಾಗಾದ್ರೆ ಬಿದ್ದಿದ್ದೂ ಸಾರ್ಥಕ ಬಿಡು," ಎಂದು ಅವರು ಕ್ಯಾಂಟೀನಿನ ಅಡುಗೆಮನೆಗೆ ಹೋಗಿ ಕೋಸಿನ ಎಲೆಗಳನ್ನು ತಂದರು. ಬಾಟಲಿಯಿಂದ ಲಟ್ಟಿಸಿ ರಸ ಬರಿಸಿ ಊದಿದ ಕೀಲಿಗೆ ಸುತ್ತಿ, ಮೇಲೆ ಬಟ್ಟೆಯ ಪಟ್ಟಿ ಕಟ್ಟತೊಡಗಿದರು. ತಣ್ಣಗಾಯಿತು.

"ಬಿಗಿಯಾಗಿ ಪಟ್ಟಿ ಸುತ್ತಿ, ಎರಡು ಮಾತ್ರೆ ನುಂಗಿದ್ರೆ ನಾಳೆ ಆಡಬಹುದು," ಎಂದ ರಾದಿಮ್. ಅವನಿಗೆ ಮೂವತ್ನಾಲ್ಕು. ಡಿಸೆಂಬರಿಗೆ ಒಪ್ಪಂದ ಮುಗಿಯುತ್ತಿತ್ತು. ಇನ್ನೊಂದು ವರ್ಷ ಇಟ್ಟುಕೊಳ್ಳುವುದೋ ಬೇಡವೋ ಎಂಬುದನ್ನು ಶನಿವಾರದ ಆಟ ನೋಡಿ ಹೇಳುತ್ತೇನೆ ಎಂದಿದ್ದರು ಕೋಚ್ ದೊಬೆಷ್. ಅಣಬೆ ಕೀಳಲು ಹೋಗಿ ಕಾಲು ಉಳುಕಿಸಿಕೊಂಡವನನ್ನು ಯಾವ ಕೋಚ್ ಇಟ್ಟುಕೊಂಡಾನು?

"ನಾಳೆ ನೀನು ಓಡಕ್ಕಾಗದೆ ನಿಂತ್ರೆ, ಪಕ್ಕದಲ್ಲಿರೋನು ಇಬ್ಬರ ಓಟ ಓಡ್ಬೇಕು," ಎಂದರು ಯಾರ್ಮಿಲಾ, ಪಟ್ಟಿಗೆ ಗಂಟು ಹಾಕುತ್ತ. "ಅವನಿಗೆ ಏನಂತ ಹೇಳ್ತೀಯ?"

ರಾದಿಮ್ ಎಡಗಾಲಿನ ಬೂಟನ್ನು ಪಕ್ಕಕ್ಕೆ ಸರಿಸಿಟ್ಟ.

"ಏಳು, ಮರಿ. ಕೋಚ್ ಹತ್ರ ಹೋಗಣ. ನಾನೂ ಬರ್ತೀನಿ."

ಅವನ ಭುಜದವರೆಗೂ ಬರದ ಆ ಹೆಂಗಸು ಅವನ ಅರ್ಧ ಭಾರ ಹೊತ್ತುಕೊಂಡೇ ಮೊಗಸಾಲೆ ದಾಟಿಸಿದರು. ಕೋಣೆಯೊಳಕ್ಕೆ ಮಾತ್ರ ಬರಲಿಲ್ಲ. ಬಾಗಿಲ ಹೊರಗೇ ನಿಂತು, ತಾನು ಇಲ್ಲೇ ಇದ್ದೇನೆ ಎಂದು ಅವನಿಗೆ ತಿಳಿಯುವಷ್ಟು ಜೋರಾಗಿ ಕೆಮ್ಮಿದರು.

ದೊಬೆಷ್ ಕನ್ನಡಕದ ಮೇಲಿಂದ ಪಟ್ಟಿ ಸುತ್ತಿದ ಕಾಲನ್ನು ನೋಡಿ ಪೂರ್ತಿ ಕಥೆ ಕೇಳಿದರು.

"ಎಲ್ಲಿ?"

"ಎಡಗಾಲಿನ ಕೀಲು, ಸಾರ್."

"ಅದು ಕಾಣ್ತಿದೆ ಮಾರಾಯ. ಯಾವ ಕಾಡು?"

"ಹುಂಪೊಲೆತ್ಸ್ ಕಡೆ."

"ಕಡೆ! ಈ ದೇಶದಲ್ಲಿ ಅಣಬೆಯೆಲ್ಲ ಯಾವ್ದೋ ಒಂದು ಕಡೆನೇ ಬೆಳೆಯೋದು. ಊರಿಂದ ಮೇಲಕ್ಕೋ ಕೆಳಕ್ಕೋ, ಅದನ್ನ ಹೇಳು."

"ಮಾವ ಯಾರಿಗೂ ಹೇಳ್ಬೇಡ ಅಂದಿದಾರೆ."

"ಕಾಲು ಕೆಡಿಸ್ಕೊಂಡಿದ್ದು ಹೇಳ್ತೀಯ, ಜಾಗ ಹೇಳಲ್ಲ!"

ಬಾಗಿಲ ಹೊರಗೆ ಯಾರೋ ನಗು ತಡೆದುಕೊಂಡ ಸದ್ದಾಯಿತು. ದೊಬೆಷ್ ಪೆನ್ನು ತೆಗೆದು ನಾಳಿನ ಆಟಗಾರರ ಪಟ್ಟಿಯಲ್ಲಿ ರಾದಿಮ್‌ನ ಹೆಸರಿನ ಮೇಲೆ ಗೀಟು ಎಳೆದರು. ಆಮೇಲೆ ಕುರ್ಚಿ ತೋರಿಸಿದರು.

"ಕೂತ್ಕೋ. ಒಂದು ಕೇಳ್ತೀನಿ. ಇನ್ನೊಂದು ವರ್ಷ ಆಡ್ಬೇಕು ಅಂತ ನಿನಗೆ ಆಸೆ ಇದೆಯಾ? ಕ್ಲಬ್ ವಿಷಯ ಬಿಡು. ನಿನಗೆ?"

ಇದನ್ನು ಯಾರೂ ಕೇಳಿರಲಿಲ್ಲ. ಅವನೂ ಕೇಳಿಕೊಂಡಿರಲಿಲ್ಲ. ಎಷ್ಟೋ ತಿಂಗಳಿಂದ ದಿನಾ ಬೆಳಿಗ್ಗೆ ತಾನು ಮಂಡಿನೋವಿಗೆ ಮೆಟ್ಟಿಲನ್ನು ಅಡ್ಡಡ್ಡವಾಗಿ ಇಳಿಯುವಾಗ ಹೆಂಡತಿ ಬ್ಲಾಂಕಾ ಬೇಕೆಂದೇ ಬೇರೆ ಕಡೆ ನೋಡುವುದು ನೆನಪಾಯಿತು.

"ಇಲ್ಲ ಸಾರ್," ಎಂದ. ತನ್ನದೇ ದನಿ ಕೇಳಿ, ಯಾರು ಅಂದದ್ದು ಎಂದು ತಿರುಗಿ ನೋಡಬೇಕೆನಿಸಿತು. ಮತ್ತೊಮ್ಮೆ, ನಿಧಾನವಾಗಿ ಹೇಳಿದ: "ಇಲ್ಲ. ಸಾಕಾಗಿದೆ."

ದೊಬೆಷ್ ಕನ್ನಡಕ ತೆಗೆದು ಮುಖ ಉಜ್ಜಿಕೊಂಡರು. "ಇನ್ನು ಇಟ್ಕೊಳ್ಳಕ್ಕಾಗಲ್ಲ ಅನ್ನೋದನ್ನ ನಿನಗೆ ಹೇಗಪ್ಪಾ ಹೇಳೋದು ಅಂತ ವಾರದಿಂದ ಊಟ ಸೇರ್ತಿರ್ಲಿಲ್ಲ ನನಗೆ," ಎಂದರು. "ಕಾಲು ವಾಸಿ ಮಾಡ್ಕೋ. ಚಳಿಗಾಲಕ್ಕೆ ಮುಂಚೆ ಒಂದು ಆಟ ಆಡಿ, ಜನಕ್ಕೆ ಕೈಬೀಸಿ ಹೋಗುವಿಯಂತೆ."

ಶನಿವಾರ ರಾದಿಮ್ ಮೊದಲ ಬಾರಿಗೆ ಪ್ರೇಕ್ಷಕರ ನಡುವೆ ಕೂತ. ಬ್ಲಾಂಕಾ ಅವನ ಪಕ್ಕದಲ್ಲಿದ್ದಳು. ಮುಂದಿನ ಸಾಲಿನ ಮುದುಕ ತಿರುಗಿ ಕಾಲನ್ನು ನೋಡಿ, ಏನೂ ಕೇಳದೆ, ತನ್ನ ಕೋಟನ್ನು ಮಡಿಸಿ ಪಕ್ಕದ ಖಾಲಿ ಕುರ್ಚಿಯ ಮೇಲಿಟ್ಟು, "ಇದರ ಮೇಲೆ ಚಾಚ್ಕೊಳಿ," ಎಂದ. ಬ್ಲಾಂಕಾ ಹುರಿದ ಸಾಸೇಜು, ಬ್ರೆಡ್ಡು, ಹಚ್ಚಿಕೊಳ್ಳಲು ಸಾಸಿವೆ ಗೊಜ್ಜು ತಂದಳು. ಹದಿನಾರು ವರ್ಷ ಆಟದ ಮುಂಚೆ ಅವನ ಗಂಟಲಲ್ಲಿ ಒಂದು ತುತ್ತೂ ಇಳಿದಿರಲಿಲ್ಲ.

ಹನ್ನೊಂದು ಜನ ಮೈದಾನಕ್ಕೆ ಓಡಿಬಂದರು. ಸುತ್ತಲಿನವರೆಲ್ಲ ಎದ್ದು ನಿಂತರು.

"ನೋವಿದೆಯಾ?" ಬ್ಲಾಂಕಾ ಬಗ್ಗಿ ಕೇಳಿದಳು.

ಬಾಯಿ ತುಂಬಿತ್ತು. ರಾದಿಮ್ ಇಲ್ಲವೆಂದು ತಲೆಯಾಡಿಸಿ, ಹೆಬ್ಬೆರಳಿಗೆ ಹತ್ತಿದ ಸಾಸಿವೆ ಗೊಜ್ಜನ್ನು ಚೀಪಿದ.