ಎಲೆಯಿಲ್ಲದ ತಳಿ

ದೊಡ್ಡ ಸಾಹೇಬರು ಬೆಂಗಳೂರಿನಿಂದ ಬರುತ್ತಾರೆಂಬ ತಂತಿ ಬಂದ ದಿನ ಶಾಮನೂರಿನ ನಮ್ಮ ಪ್ರಯೋಗದ ಹೊಲ ಹಳೆ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ೧೯೫೯ರ ಜನವರಿ. ಗೋಧಿಯ ಎಲೆಗಳಿಗೆಲ್ಲ ತುಕ್ಕು ರೋಗ. ಸವರಿದರೆ ಬೆರಳಿಗೆ ಕೆಂಪು ಪುಡಿ. ಇದನ್ನು ಕಂಡು ಖುಷಿಪಟ್ಟವನು ಇಡೀ ತಾಲ್ಲೂಕಿನಲ್ಲಿ ಒಬ್ಬನೇ, ನಮ್ಮ ಫೀಲ್ಡ್‌ಮನ್ ಸಣ್ಣಬೀರಪ್ಪ.

ಐದು ವರ್ಷಗಳಿಂದ ಅವನು ಗೋಧಿಗಳಿಗೆ ಬೀಗತನ ಮಾಡಿಸುತ್ತಿದ್ದ. ಚಿಮಟ ಹಿಡಿದು ಒಂದು ತೆನೆಯ ಕೇಸರ ಕೀಳುವುದು, ಇನ್ನೊಂದರ ಪರಾಗ ಉದುರಿಸುವುದು, ಮೇಲೆ ಕಾಗದದ ಚೀಲದ ಮುಸುಕು. ಊರ ಗೋಧಿಯ ರುಚಿ, ಪಾರ್ಸಲ್‌ನಲ್ಲಿ ಬಂದ ಪರದೇಶಿ ಗೋಧಿಯ ತಾಕತ್ತು, ಎರಡೂ ಒಂದೇ ಕೂಸಿಗೆ ಬರಲಿ ಎಂಬುದು ಅವನ ಹಟ. ಪರೀಕ್ಷೆ ಸಾಚಾ ಆಗಲೆಂದು ಸುತ್ತಲೂ ಬೇಗ ರೋಗ ಹಿಡಿಯುವ ಗೋಧಿಯನ್ನು ಬೇಕೆಂದೇ ಬಿತ್ತಿದ್ದ. ಇಪ್ಪತ್ತು ಸಾಲುಗಳಲ್ಲಿ ಹತ್ತೊಂಬತ್ತು ಕೆಂಪಾದವು. ಹದಿನೇಳನೆಯದು ಮಾತ್ರ ಏನೂ ಆಗಿಲ್ಲವೆಂಬಂತೆ ಹಸಿರಾಗಿ ನಿಂತಿತ್ತು. ಸಾಹೇಬರು ಒಪ್ಪಿದರೆ ಅದರ ಬೀಜ ರೈತರಿಗೆ. ಒಪ್ಪದಿದ್ದರೆ ರಿಜಿಸ್ಟರಿನಿಂದ ಹೊರಗೆ, ಕಾಳು ಕೂಲಿ ಹೆಂಗಸರ ಸೆರಗಿಗೆ. ಕೈಬಿಟ್ಟ ಸಾಲು ಕೂಲಿಯವರಿಗೆ ಎಂಬುದು ನಮ್ಮ ಹೊಲದ ವಾಡಿಕೆ.

ಸೂಪರಿಂಟೆಂಡೆಂಟ್ ಕುಬೇರಪ್ಪನವರು ಮೂಗಿನಿಂದ ಮಾತಾಡುವವರು. ಅವರಂತೆ ಮಾತಾಡಿ ತೋರಿಸುವುದು ಗುಮಾಸ್ತನಾದ ನನಗೆ ಸಂಬಳಕ್ಕಿಂತ ಹೆಚ್ಚು ಹೆಸರು ತಂದಿತ್ತು. ಹೊಲ ನೋಡಿ ಅವರ ಮೂಗು ಕಟ್ಟಿತು. ಹೆಣ್ಣು ನೋಡುವವರು ಬರುವ ದಿನ ಕೆಮ್ಮುವ ಅಜ್ಜಿಯನ್ನು ಆನೆಕೊಂಡದ ನೆಂಟರ ಮನೆಗೆ ಸಾಗಹಾಕುವ ವಂಶ ಅವರದು.

"ರೋಗ ಕಾಣದಿದ್ರ ಯಾವುದಕ್ಕ ತಾಕತ್ತು ಐತೆ ಅಂತ ಹೆಂಗೆ ತಿಳೀತೈತ್ರಿ?" ಎಂದ ಸಣ್ಣಬೀರಪ್ಪ.

"ಮನಿಗೆ ದೊಡ್ಡೋರು ಬರೋ ಹೊತ್ನಾಗ ಜಡ್ಡು ಯಾಕ ತೋರಿಸ್ತೀಯೋ? ಕೆಂಪು ಎಲಿ ಒಂದೂ ಉಳೀಬಾರ್ದು," ಎಂದರು ಕುಬೇರಪ್ಪನವರು.

ಮರುದಿನ ಬೆಳಕು ಹರಿಯುತ್ತಲೇ ರಂಗವ್ವ ತನ್ನ ಕೂಲಿ ಹೆಂಗಸರ ಗುಂಪಿನೊಂದಿಗೆ ಎಲೆ ಕೀಳಲು ಬಗ್ಗಿದಳು. ಅಪ್ಪಣೆಯಲ್ಲಿ ಕೆಂಪು ಎಲೆ ಎಂದಿತ್ತು; ಕೆಂಪಾಗದ ಎಲೆ ಹದಿನೇಳರಲ್ಲಿ ಬಿಟ್ಟು ಬೇರೆಲ್ಲೂ ಇರಲಿಲ್ಲ. ಸಾಹೇಬರು ಸ್ಟೇಷನ್ನಿನಲ್ಲಿ ರೈಲಿಳಿದು, ಉಪ್ಪಿಟ್ಟು ಮುಗಿಸಿ, ಜೀಪಿನಲ್ಲಿ ಬಂದಾಗ ಹತ್ತೊಂಬತ್ತು ಸಾಲುಗಳು ಬೋಳು ಕಡ್ಡಿಗಳ ಮೇಲೆ ತೆನೆ ಹೊತ್ತು ನಿಂತಿದ್ದವು. ಎಲೆ ಎತ್ತಿದ ಮೇಲೆ ಊಟದ ಪರೀಕ್ಷೆ ಮಾಡಿದ ಹಾಗೆ.

ಆರತಿ ಎತ್ತಿದ ರಂಗವ್ವನ ಕೈ ಅಂಗೈಯಿಂದ ಮೊಣಕೈವರೆಗೆ ಕೆಂಪು. ಸಾಹೇಬರು ಅದನ್ನು ಕುಂಕುಮವೆಂದು ತಿಳಿದು ಕೈಮುಗಿದರು. ಆಮೇಲೆ ಒಂಬತ್ತನೇ ಸಾಲಿನ ಮುಂದೆ ಬಹಳ ಹೊತ್ತು ನಿಂತರು.

"ಎಲೆಯೇ ಇಲ್ಲದ ಗೋಧಿ," ಎಂದರು. "ಎಲೆ ಇಲ್ಲದಿದ್ದರೆ ತುಕ್ಕು ಕೂರುವುದೆಲ್ಲಿ? ಕುಬೇರಪ್ಪ, ಇದು ಬ್ರೀಡಿಂಗ್ ಅಂದರೆ."

"ಸಾಹೇಬ್ರ, ಎಲಿ ಇವತ್ತು ಮುಂಜಾನೆ ಕಿತ್ತಿದ್ರಿ," ಎಂದ ಸಣ್ಣಬೀರಪ್ಪ.

ಕುಬೇರಪ್ಪನವರು ಬಿದ್ದು ಬಿದ್ದು ನಕ್ಕರು. ಅವರು ನಕ್ಕರೆಂದು ನಾವೂ ನಕ್ಕೆವು. ಎಲ್ಲರೂ ನಗುತ್ತಿರುವಾಗ ತಮಗೆ ಹಾಸ್ಯ ತಿಳಿಯದೆನ್ನಿಸಬಾರದೆಂದು ಸಾಹೇಬರೂ ನಕ್ಕು ಅವನ ಬೆನ್ನು ತಟ್ಟಿದರು. ಸತ್ಯವನ್ನು ಅಷ್ಟು ಗೌರವದಿಂದ ಹೂತದ್ದನ್ನು ನಾನು ಮತ್ತೆ ಕಂಡಿಲ್ಲ. ಒಂಬತ್ತನೆಯದು ಪಾಸಾಯಿತು. ಹದಿನೇಳಕ್ಕೆ 'ಎಲೆ ಅತಿಯಾಯಿತು' ಎಂದು ಷರಾ ಬಿತ್ತು.

ಸುಗ್ಗಿಯಲ್ಲಿ ಹದಿನೇಳರ ಕಾಳು ರಂಗವ್ವನ ಗುಂಪಿಗೆ ಹೋಯಿತು. ಹೆಂಗಸರು ಗೋಧಿ ಹುಗ್ಗಿ ಮಾಡಿ ಸಣ್ಣಬೀರಪ್ಪನನ್ನೂ ಕರೆದರು. ಐದು ವರ್ಷದ ಕೆಲಸ ಎರಡು ಸೌಟಿನಲ್ಲಿ ಮುಗಿಯಿತು. ರುಚಿ ಚೆನ್ನಾಗಿತ್ತಂತೆ, ಅದನ್ನೂ ಅವನೇ ಹೇಳಿದ. ಆದರೆ ರಂಗವ್ವ ಯಾವ ಕಾಳನ್ನೂ ಒಲೆಗೆ ಹಾಕುವ ಮೊದಲು ಬೀಜಕ್ಕೆಂದು ಒಂದಿಷ್ಟು ಬೂದಿ ಬೆರೆಸಿ ಗಡಿಗೆಯಲ್ಲಿ ಮುಚ್ಚಿಡುವವಳು. ಅವಳ ಅತ್ತೆ ಕಲಿಸಿದ ಪಾಠ.

ಮುಂದಿನ ಜನವರಿಗೆ ಆವರಗೆರೆಯ ರೈತರು ಬಿತ್ತಿದ ಎಲೆಯಿಲ್ಲದ ತಳಿ ಎಲ್ಲ ಗೋಧಿಗಳಂತೆ ಸೊಂಪಾಗಿ ಎಲೆ ಬಿಟ್ಟಿತು, ಆಮೇಲೆ ಎಲ್ಲ ಗೋಧಿಗಳಂತೆ ಕೆಂಪಾಯಿತು. ವಿಚಾರಣೆಗೆ ಸಾಹೇಬರೇ ಬಂದರು. ಹಿಂದಿರುಗುವಾಗ ಶಾಮನೂರಿನ ದಾರಿಯಲ್ಲಿ ಜೀಪು ನಿಂತಿತು. ರಂಗವ್ವನ ತುಂಡು ಹೊಲ ಹಸಿರಾಗಿತ್ತು, ಒಂದು ಚುಕ್ಕೆಯೂ ಇರಲಿಲ್ಲ.

ಬೀಜ ಎಲ್ಲಿಯದೆಂದು ಸಾಹೇಬರು ಕೇಳಿದರು.

"ನಿಮ್ಮ ಹೊಲದ್ದೇ ರೀ," ಎಂದಳು ರಂಗವ್ವ. "ನೀವು ಬ್ಯಾಡ ಅಂದದ್ದು."

ಸಾಹೇಬರು ಅಲ್ಲೇ ವರದಿ ಹೇಳಿ ಬರೆಸತೊಡಗಿದರು, ಕುಬೇರಪ್ಪನವರ ಪೆನ್ನು ಮೊದಲ ಮಾತಿಗೇ ನಿಂತುಬಿಟ್ಟಿತು. ವರದಿ ಟೈಪು ಮಾಡಿದವನು ನಾನೇ: 'ಎಲೆಯಿಲ್ಲದ ತಳಿಯು ಶಾಮನೂರಿನಲ್ಲಿ ಸಂಪೂರ್ಣ ಯಶಸ್ವಿ. ಮಣ್ಣಿನ ಗುಣದಿಂದಾಗಿ ಎಲೆ ಬಿಟ್ಟಿದೆ.' ಆ ಹೊಲದ ಬೀಜವನ್ನೇ ಕೊಂಡು ತಾಲ್ಲೂಕಿಗೆಲ್ಲ ಹಂಚಬೇಕೆಂದು ಅಪ್ಪಣೆಯಾಯಿತು.

ಹದಿನೇಳು ಎಂದು ತಿದ್ದಿ ಕಳಿಸಲೇ ಎಂದು ಸಣ್ಣಬೀರಪ್ಪನನ್ನು ಗುಟ್ಟಾಗಿ ಕೇಳಿದೆ. ಅವನು ಚಿಮಟವನ್ನು ಅಂಗಿಯ ತುದಿಗೆ ಒರೆಸಿದ.

"ಹೆಸರು ಏನರ ಇರ್ಲಿ ಬಿಡ್ರಿ. ಹೊಲಕ್ಕ ಹೋಗೋದು ಅದೇ ಅಲ್ವಾ."

ಸುಗ್ಗಿ ಮುಗಿದ ಮೇಲೆ ಬೀಜ ಅಳೆಯಲು ನಾವಿಬ್ಬರೂ ರಂಗವ್ವನ ಮನೆಗೆ ಹೋದೆವು. ಅವಳು ಮೊದಲ ಸೇರನ್ನು ನಮ್ಮ ಚೀಲಕ್ಕೆ ಹಾಕದೆ ತನ್ನ ಗಡಿಗೆಗೆ ಸುರಿದು ಬೂದಿ ಬೆರೆಸಿದಳು.

"ಇದು ನನಗಿರ್ಲಪ್ಪ," ಎಂದಳು. "ಬರೋ ವರ್ಷ ನಿಮ್ಮ ಸಾಹೇಬ್ರು ಏನು ಕೀಳಿಸ್ತಾರೋ."